ಸುಹಾದ್ ಒಣಗಲು ಬಿಡದ ಮಣ್ಣು

ಬಾಗ್ದಾದಿನ ನಮ್ಮ ಕಲಾಶಾಲೆಯಲ್ಲಿ ಸುಹಾದ್‌ಳಷ್ಟು ಬಾಯಿಬಡುಕಿ ಇನ್ನೊಬ್ಬಳಿರಲಿಲ್ಲ. ಮಣ್ಣು ಕಲಸುತ್ತಲೇ ಮೇಷ್ಟ್ರ ನಡಿಗೆ ಅಣಕಿಸಿ ನಮ್ಮನ್ನೆಲ್ಲ ನಗಿಸುತ್ತಿದ್ದಳು. ಸಮ್ಮೂನ್ ರೊಟ್ಟಿ ತರಲು ಹೋದ ಅವಳ ತಮ್ಮ ಸಿನಾನ್ ಬಾಂಬಿಗೆ ಸಿಕ್ಕಿ ಸತ್ತ ಮೇಲೆ ಆ ಬಾಯಿ ಮುಚ್ಚಿತು. ತರಗತಿಗೆ ಬರುತ್ತಿದ್ದಳು, ಕೂರುತ್ತಿದ್ದಳು, ಅಷ್ಟೇ. ಪಾಠ ಅವಳ ಕಿವಿಗೇ ಬೀಳುತ್ತಿರಲಿಲ್ಲ.

ಚಳಿಗಾಲದಲ್ಲಿ ಒಂದು ದಿನ ತಾನಾಗಿ ಮಣ್ಣು ಕೇಳಿದಳು. ಸಿನಾನ್‌ನ ತಲೆ ಮಾಡತೊಡಗಿದಳು. ಹಸಿ ಮಣ್ಣು ಒಣಗಿದರೆ ಬಿರಿಯುತ್ತದೆ, ಒದ್ದೆ ಬಟ್ಟೆ ಸುತ್ತಿಡಬೇಕು. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು, ಆ ಮಣ್ಣಿನ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ನೀರು ಚಿಮುಕಿಸಿ, "ಏಳೋ ಸೋಮಾರಿ, ಮುಖ ತೊಳ್ಕೋ" ಅನ್ನುವಳು. ಮೊದಲು ನನಗೆ ಹೆದರಿಕೆಯಾಯಿತು. ಆದರೆ ಆ ತಲೆಯ ದೆಸೆಯಿಂದ ಹುಡುಗಿ ಮತ್ತೆ ಊಟ ಮಾಡಿದಳು, ಮೂಳೆಗಳ ಪಾಠದಲ್ಲಿ ಪ್ರಶ್ನೆ ಕೇಳಿದಳು. ಒಮ್ಮೆ ನನ್ನ ಕೆಲಸ ನೋಡಿ, "ಇದೇನೇ, ಕುತ್ತಿಗೆನಾ, ಸೋರೆಕಾಯಾ?" ಎಂದಳು. ಖುಷಿಗೆ ನನಗೆ ಅಳುವೇ ಬಂತು.

ಎಡಗಿವಿಯನ್ನು ಮಾತ್ರ ಮುಗಿಸಲಿಲ್ಲ. ದಿನಾ ಮಾಡುವಳು, ಸಂಜೆ ಅಳಿಸುವಳು.

"ವರ್ಷವೆಲ್ಲ ಒಂದೇ ಕಿವಿ ತಿದ್ತೀಯೇನಮ್ಮಾ?" ಎಂದರು ನಮ್ಮ ಮೇಷ್ಟ್ರು, ಉಸ್ತಾದ್ ಗಜ್ವಾನ್.

"ಅದು ಮುಗಿದ್ರೆ ನಾನಿಲ್ಲಿಗೆ ಯಾಕೆ ಬರ್ಲಿ, ಉಸ್ತಾದ್?"

ಅವರು ತಮಾಷೆ ಅಂದುಕೊಂಡು ನಕ್ಕರು.

ಪರೀಕ್ಷೆ ಹತ್ತಿರ ಬಂದಾಗ ತಾಯಿ ಹಾಸಿಗೆ ಹಿಡಿದಳೆಂದು ಸುಹಾದ್ ಬರಲಿಲ್ಲ. ಬಟ್ಟೆಯನ್ನು ನಾನೇ ಒದ್ದೆ ಮಾಡುತ್ತಿದ್ದೆ. ಪರೀಕ್ಷಕರಿಗೆ ಹಸಿ ಮಣ್ಣು ನಡೆಯದು, ಪ್ಲಾಸ್ಟರಿನಲ್ಲಿ ಎರಕ ಹೊಯ್ದದ್ದೇ ಬೇಕು. ಉಸ್ತಾದ್ ತಾವೇ ಕಿವಿ ಮುಗಿಸಿ, ತಲೆಯ ಸುತ್ತ ಅಚ್ಚು ಹಾಕಲು ಪ್ಲಾಸ್ಟರ್ ಕಲಸಿದರು.

"ಅವಳನ್ನ ಒಂದ್ ಮಾತು ಕೇಳಿ ಉಸ್ತಾದ್," ಎಂದೆ.

"ಕಾಯಿಲೆಯವರ ಹತ್ರ ಕೂತಿರೋಳಿಗೆ ಇದೊಂದು ತಲೆನೋವು ಯಾಕೆ? ಪಾಸಾದ್ರೆ ಸಾಕಲ್ವಾ?"

ಪ್ಲಾಸ್ಟರ್ ಗಟ್ಟಿಯಾದ ಮೇಲೆ ಅಚ್ಚಿನೊಳಗೆ ಅಂಟಿದ ಮಣ್ಣನ್ನು ಕೆರೆದು ಕೆರೆದು ಮಣ್ಣಿನ ತೊಟ್ಟಿಗೆ ಎಸೆದರು. ಕಣ್ಣು, ಮೂಗು, ಎಲ್ಲ ಮುದ್ದೆಯಾಗಿ ಬಿತ್ತು. ಒಳ್ಳೆಯ ಮನುಷ್ಯ. ಆ ಒಳ್ಳೆಯತನ ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ತಾಯಿ ಚೇತರಿಸಿಕೊಂಡ ಮೇಲೆ ಸುಹಾದ್ ನೀರಿನ ಬಾಟಲಿ ಹಿಡಿದೇ ಬಂದಳು. ಮೇಜಿನ ಮೇಲೆ ಬೆಳ್ಳಗಿನ ಸಿನಾನ್, ಎರಡೂ ಕಿವಿ ಸರಿಯಾಗಿ. ತರಗತಿಗೇ ಹೆಚ್ಚು ಅಂಕ ಅವನಿಗೆ ಬಂದಿತ್ತು. ಅವಳು ಕೆನ್ನೆ ಮುಟ್ಟಿ ನೋಡಿದಳು.

"ಇವನಿಗೆ ಇನ್ನು ನೀರು ಬೇಡ್ವಾ?"

"ಬೇಡಮ್ಮಾ. ಇನ್ಯಾವತ್ತೂ ಬಿರುಕು ಬಿಡಲ್ಲ," ಎಂದರು ಉಸ್ತಾದ್ ಹೆಮ್ಮೆಯಿಂದ.

ಸುಹಾದ್ ಬಾಟಲಿಯ ನೀರನ್ನೆಲ್ಲ ತೊಟ್ಟಿಯ ಮಣ್ಣಿಗೆ ಸುರಿದು ಹೊರಟಳು. ಪಾಸಾಗಿದ್ದಳು. ಆಮೇಲೆ ಶಾಲೆಯ ಕಡೆ ತಲೆ ಹಾಕಲಿಲ್ಲ.