ಎಡ್ನಾಳ ಕಾಲ್ಗುಣ

ಬ್ರೆಜಿಲ್ ಫುಟ್‌ಬಾಲಿಗೆ ಎರಡು ಸಾವಿರದ ಇಪ್ಪತ್ತಮೂರರಂಥ ಕೆಟ್ಟ ವರ್ಷ ಬಂದದ್ದು ಕಡಿಮೆ. ಆಟಗಾರರಿಗೆ ಗಾಯವಂತೆ, ತಂಡದಲ್ಲಿ ಹೊಂದಾಣಿಕೆ ಇಲ್ಲವಂತೆ, ಬಲ್ಲವರು ನೂರು ಹೇಳುತ್ತಾರೆ. ಎಡ್ನಾಳಿಗೆ ಗೊತ್ತಿದ್ದದ್ದು ಒಂದೇ: ಆ ವರ್ಷ ಅವಳು ಟಿವಿ ಎದುರು ಕೂತಿದ್ದಳು.

ಮಂಗಳೂರು ಕಡೆಯ ಹೆಂಗಸು. ಟೋನಿಯನ್ನು ಮದುವೆಯಾಗಿ ಕತಾರಿನ ಅಲ್ ರಯ್ಯಾನಿನ ಫ್ಲ್ಯಾಟಿಗೆ ಬಂದು, ನರ್ಸರಿ ಶಾಲೆಯೊಂದರಲ್ಲಿ ಆಯಾ ಆದವಳು. ಟೋನಿ ಎಸಿ ರಿಪೇರಿಯವ. ಮಕ್ಕಳಿಲ್ಲ, ಮನೆಯಲ್ಲಿದ್ದ ಹುಚ್ಚೆಂದರೆ ಅವನ ಬ್ರೆಜಿಲ್. ಹದಿನಾಲ್ಕರ ವಿಶ್ವಕಪ್ಪಿನಲ್ಲಿ, ಪಾಪ, ಇವಳು ಚಹಾ ತಂದುಕೊಟ್ಟಳು. ಅವನು ಕುಡಿದು ಲೋಟ ಕೆಳಗಿಡುವುದರೊಳಗೆ ಜರ್ಮನಿಯವರು ನಾಲ್ಕು ಗೋಲು ಹೊಡೆದರು.

"ಎಂಥ ಕಾಲ್ಗುಣ ಮಾರಾಯ್ತಿ ನಿನ್ನದು! ಒಳಗೆ ಹೋಗು!"

ತಮಾಷೆಗೇ ಅಂದದ್ದು. ಆದರೆ ಆ ತಮಾಷೆ ಮನೆಯ ಕಾನೂನಾಯಿತು. ಬ್ರೆಜಿಲ್ ಆಡುವಾಗ ಎಡ್ನಾ ಅಡುಗೆಮನೆಯಲ್ಲಿ. ಮುಗಿದ ಮೇಲೆ "ಬಾ ಎಡ್ನಾ" ಅಂತ ಅವನು ಕರೆಯಬೇಕು. ಅವಳೂ ನಗುತ್ತಲೇ ಸ್ಟೂಲಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ಕೊನೆಗೆ ಇಪ್ಪತ್ತೆರಡರಲ್ಲಿ ವಿಶ್ವಕಪ್ಪು ಮನೆ ಬಾಗಿಲಿಗೇ ಬಂತು. ಕ್ರೊಯೇಷಿಯಾ ಎದುರಿನ ಕ್ವಾರ್ಟರ್ ಫೈನಲ್, ಅದೂ ಅಲ್ ರಯ್ಯಾನಿನಲ್ಲೇ! ಟಿಕೆಟ್ ಸಿಗದೆ ಟೋನಿ ಹಳದಿ ಅಂಗಿ ಹಾಕಿ ಮನೆಯಲ್ಲೇ ಕೂತ. "ಏನೇ ಆಗಲಿ, ನಾನು ಕರೆಯದೆ ಬರಬೇಡ," ಅಂದ.

ಆಟ ಪೆನಾಲ್ಟಿಗೆ ಹೋಯಿತು. ಕುರ್ಚಿ ಸರಿದ ಸದ್ದು ಎಡ್ನಾಳಿಗೆ ಕೇಳಿಸಿತು. ಎದ್ದು ನಿಂತಿರಬೇಕು ಅಂದುಕೊಂಡಳು. ಟಿವಿಯ ಬೊಬ್ಬೆ ಅಡಗಿತು. ಬ್ರೆಜಿಲಿನವರು ಸೋತಿದ್ದಾರೆ, ಇವರ ಕೋಪ ಇಳಿಯಲಿ, ಆಮೇಲೆ ಕರೆಯುತ್ತಾರೆ ಅಂತ ಕಾದಳು. ಕೋಳಿ ಸಾರು ತಣ್ಣಗಾಯಿತು. ಪಕ್ಕದ ಮನೆಯ ಜುವೈರಿಯಾ ಬೆಲ್ ಒತ್ತಿದಾಗ ಹೊರಗೆ ಬಂದು ನೋಡಿದರೆ, ಟೋನಿ ನೆಲದ ಮೇಲೆ ಬಿದ್ದಿದ್ದ. ಜೀವ ಹೋಗಿತ್ತು.

"ಹಾರ್ಟ್ ಅಟ್ಯಾಕ್. ಸ್ವಲ್ಪ ಬೇಗ ತಂದಿದ್ದರೆ..." ಅಂದರು ಆಸ್ಪತ್ರೆಯವರು. ಆ ಮಾತನ್ನು ನುಂಗಿಕೊಳ್ಳಲು ಅವರಿಗೇನಾಗಿತ್ತು!

ಊರಿಗೆ ಒಯ್ದು ಮಣ್ಣು ಮಾಡಿ ಬಂದಳು. ಆಮೇಲೆ ಬ್ರೆಜಿಲಿನ ಒಂದಾಟವನ್ನೂ ಬಿಡಲಿಲ್ಲ, ಅವನ ಕುರ್ಚಿಯಲ್ಲೇ ಕೂತು ನೋಡಿದಳು. ಮೊರಾಕ್ಕೊ ಸೋಲಿಸಿತು, ಸೆನೆಗಲ್ ಸೋಲಿಸಿತು, ಉರುಗ್ವೆ, ಕೊಲಂಬಿಯಾ. ನಡುನಡುವೆ ಗೆದ್ದದ್ದೂ ಇತ್ತು. ಗೆದ್ದ ದಿನ ಇನ್ನೂ ಹೆಚ್ಚು ಅತ್ತಳು.

"ಎಂಥ ಅವಸ್ಥೆ ಇದು ಎಡ್ನಾ! ಆ ಟಿವಿ ಬಂದ್ ಮಾಡು, ಖಲಾಸ್," ಅಂದಳು ಜುವೈರಿಯಾ.

"ಸೋತರೆ ನನ್ನ ಕಾಲ್ಗುಣ ಕೆಟ್ಟದ್ದೇ ಅಂತಾಯಿತು. ಗೆದ್ದರೆ, ಅವರು ನನ್ನನ್ನು ಸುಮ್ಮನೆ ಒಳಗೆ ಕೂರಿಸಿದ್ದು ಅಂತಾಯಿತು, ಸುಮ್ಮನೆ ಸತ್ತದ್ದು ಅಂತಾಯಿತು. ಯಾವುದಾಗಲಿ ಅಂತ ದೇವರ ಹತ್ತಿರ ಬೇಡಲಿ, ನೀನೇ ಹೇಳು."

ಜುವೈರಿಯಾ ಅವಳ ಕೈ ಹಿಡಿದುಕೊಂಡು ಕೂತಳು.

ನವೆಂಬರಿನಲ್ಲಿ ಅರ್ಜೆಂಟೀನಾ ಬ್ರೆಜಿಲಿಗೇ ಹೋಗಿ ಆಡಿತು. ಇಲ್ಲಿ ಆಗ ಬೆಳಗಿನ ಜಾವ. ಅರ್ಜೆಂಟೀನಾದವರು ಗೋಲು ಹೊಡೆದದ್ದೇ ಎಡ್ನಾ ಎದ್ದಳು. ಅಡುಗೆಮನೆಗೆ ಹೋಗಿ, ಬಾಗಿಲೆಳೆದುಕೊಂಡು, ಸ್ಟೂಲಿನ ಮೇಲೆ ಕೂತಳು. ಆಟ ಮುಗಿಯಿತು. ಟಿವಿಯಲ್ಲಿ ಬೇರೇನೋ ಶುರುವಾಯಿತು. ಬೆಳಕು ಹರಿಯಿತು, ಕೆಳಗೆ ಶಾಲೆಯ ವ್ಯಾನು ಹಾರನ್ ಹೊಡೆದು ಹೊಡೆದು ಹೋಯಿತು. ಎಡ್ನಾ ಏಳಲಿಲ್ಲ. ಟೋನಿ ಇನ್ನೂ ಕರೆದಿರಲಿಲ್ಲ.