ಎದುರಿನ ಕುರ್ಚಿಯಲ್ಲಿದ್ದ ನಸ್ರೀನ್

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಅವರೆದುರಿಗೇ ನಕ್ಕುಬಿಡುತ್ತಿದ್ದೆ. ನಿದ್ದೆಗೆಟ್ಟವರ ಭ್ರಮೆ ಅನ್ನುತ್ತಿದ್ದೆ. ಆದರೆ ನನಗಾದದ್ದು ಹಾಡಹಗಲಲ್ಲಿ, ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ, ಹೊಟ್ಟೆ ತುಂಬ ಊಟ ಮಾಡಿದ ಮೇಲೆ.

ನಮ್ಮದು ಫೈಲುಗಳನ್ನು ಇಟ್ಟುಕೊಂಡು, ಕೇಳಿದಾಗ ಹುಡುಕಿಕೊಡುವ ಸಾಫ್ಟ್‌ವೇರು. ಯಾವ ಫೋಲ್ಡರಿನೊಳಗೆ ಎಲ್ಲಿದೆ ಎಂದು ದಾರಿ ಹೇಳಿಕೊಟ್ಟರೂ ಅದು ಕೆಲವೊಮ್ಮೆ "ಇಲ್ಲ" ಎನ್ನತೊಡಗಿತ್ತು. ಫೈಲು ಅಲ್ಲೇ ಇರುತ್ತಿತ್ತು! ಗ್ರಾಹಕರು ಕೂಗಾಡಿದರು. ನಮ್ಮ ಮ್ಯಾನೇಜರು ಮಾಡಿದ್ದೇನು? ಕೋಡಿನ ಯಾವ ಸಾಲನ್ನು ಕೊನೆಗೆ ಯಾರು ಮುಟ್ಟಿದ್ದಾರೆ ಎಂದು ಕಂಪ್ಯೂಟರಿನಲ್ಲಿ ನೋಡಿದ, ನಸ್ರೀನ್ ಹೆಸರು ಕಂಡಿತು, ತಪ್ಪು ಅವಳದೇ ಎಂದುಬಿಟ್ಟ. ಅವಳು ಅಲ್ಲಿ ಸಾಲುಗಳ ಓರೆಕೋರೆ ಸರಿಮಾಡಿದ್ದಳು, ಅಷ್ಟೇ. ಮನೆ ಗುಡಿಸಿದವಳನ್ನೇ ಕಳ್ಳಿ ಅಂದ ಹಾಗಾಯಿತು! ಮೈಸೂರಿನ ಈ ನನ್ನ ಗೆಳತಿಯ ವೀಸಾ ಆ ಕೆಲಸವನ್ನೇ ನಂಬಿಕೊಂಡಿತ್ತು. ಕೆಲಸ ಹೋದರೆ ಮಗುವನ್ನು ಡೇಕೇರಿನಿಂದ ಬಿಡಿಸಿಕೊಂಡು ದೇಶ ಬಿಡಬೇಕಾಗಿತ್ತು. ಸಂಜೆ ಮೀಟಿಂಗಿನಲ್ಲಿ ತೀರ್ಮಾನ ಅಂದಿದ್ದ ಪುಣ್ಯಾತ್ಮ.

ಅದಕ್ಕೆ ಮೊದಲು ಇಬ್ಬರೂ ಕೂತು ನಿಜವಾದ ತಪ್ಪು ಹುಡುಕೋಣವೆಂದು ಅವಳಿಗೆ ಹೇಳಿ, ಮೂಲೆಯ ಸಣ್ಣ ಮೀಟಿಂಗ್ ರೂಮಿಗೆ ಹೋದೆ. ಅವಳಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋದೆ. ಆಗಲೂ ಖಾಲಿ. ಒಳಗೆ ಹೋಗಿ ಕುರ್ಚಿ ಎಳೆದು ಕೂತೆ. ಎದುರಿನ ಕುರ್ಚಿಯನ್ನು ನೋಡುತ್ತಾ ಸಿಟ್ಟಿನಿಂದ ಗಟ್ಟಿಯಾಗಿ, "ಕೊನೆಗೂ ಹೆದರಿ ಮನೆಗೆ ಓಡಿದ್ಲಾ?" ಅಂದು ಎದ್ದು ಬಂದೆ.

ಮೀಟಿಂಗಿಗೆ ಇನ್ನೂ ಸಮಯವಿತ್ತು. ನಸ್ರೀನ್ ನನ್ನ ಟೇಬಲ್ಲಿನ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು.

"ನಾನೆಲ್ಲೂ ಓಡಿಹೋಗಿಲ್ಲ ಕಣೇ. ನಿನ್ನ ಎದುರಿಗೇ ಕೂತಿದ್ದೆ. ಹೆಸರು ಹಿಡಿದು ಕರೆದೆ. ನೀನು ನನ್ನ ಮುಖ ನೋಡ್ಕೊಂಡೇ ಹಾಗಂದೆ."

ನಾನು ಕಂಡದ್ದು ಖಾಲಿ ಕುರ್ಚಿ. "ಮೊದಲನೇ ಸಲ ಬಂದಾಗ?" ಎಂದು ಕೇಳಿದೆ.

"ಆಗ ಕೆಳಗೆ ಊಟಕ್ಕೆ ಹೋಗಿದ್ದೆ. ಆಮೇಲಿಂದ ಅಲ್ಲೇ ಇದ್ದೆ."

ಮೊದಲ ಸಲದ "ಇಲ್ಲ" ನನ್ನಲ್ಲಿ ಹಾಗೇ ಉಳಿದುಬಿಟ್ಟಿತ್ತೇ? ಆಗ ಹೊಳೆಯಿತು. ನಮ್ಮ ಕೋಡು ಒಮ್ಮೆ ಹುಡುಕಿ ಸಿಗದಿದ್ದರೆ "ಇಲ್ಲ" ಎಂದು ನೆನಪಿಟ್ಟುಕೊಳ್ಳುತ್ತದೆ, ಪ್ರತಿ ಸಲ ಹುಡುಕುವ ಶ್ರಮ ಉಳಿಯಲಿ ಅಂತ. ಫೈಲು ಬಂದೊಡನೆ ಆ ನೆನಪನ್ನು ಅಳಿಸಬೇಕು. ಬೇರೆ ಫೋಲ್ಡರಿನಿಂದ ಎತ್ತಿ ತಂದ ಫೈಲು ಬಂದಾಗ ಮಾತ್ರ ಅಳಿಸುತ್ತಿರಲಿಲ್ಲ. ಇಬ್ಬರೂ ಸೇರಿ ಸರಿಪಡಿಸಿದೆವು. ನಸ್ರೀನ್ ಮುಟ್ಟಿದ ಸಾಲುಗಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಮೀಟಿಂಗಿನಲ್ಲಿ ಮ್ಯಾನೇಜರು ನನಗೆ "ಗುಡ್ ವರ್ಕ್" ಅಂದು ಮುಂದಿನ ವಿಷಯಕ್ಕೆ ಹೋದ. ಅವಳ ಕ್ಷಮೆ ಕೂಡ ಕೇಳಲಿಲ್ಲ! ಸುತ್ತ ಕೂತಿದ್ದವರಲ್ಲಿ ಒಬ್ಬರೂ ಅವಳ ಕಡೆ ಕಣ್ಣೆತ್ತಿ ನೋಡಲಿಲ್ಲ. ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಕೋಡು ಹಾಗೇಕೆ ಮಾಡಿತೆಂದು ಯಾರಿಗೆ ಬೇಕಾದರೂ ವಿವರಿಸಬಲ್ಲೆ. ನನ್ನ ಕಣ್ಣಿಗೆ ಏನಾಗಿತ್ತೋ, ಇವತ್ತಿಗೂ ತಿಳಿಯದು. ನಸ್ರೀನ್ ಈಗ ಹತ್ತಿರದ ಸ್ಯಾನ್ ಹೊಸೆ ಊರಿನಲ್ಲಿ ಬೇರೆ ಕೆಲಸದಲ್ಲಿದ್ದಾಳೆ. ಸಿಕ್ಕಾಗಲೆಲ್ಲ, "ನಿಜವಾಗಿಯೂ ನೀನು ಕಾಣಲಿಲ್ಲ ಕಣೇ" ಎನ್ನುತ್ತೇನೆ. ಅವಳು ನಂಬುವುದಿಲ್ಲ.

"ಬಿಡು," ಎನ್ನುತ್ತಾಳೆ, "ಅವತ್ತು ನಾನು ಯಾರಿಗೂ ಕಾಣಲಿಲ್ಲ."