ಜಾರದ ಚಕ್ರ, ಉರಿಯುವ ಹೊಟ್ಟೆ

ಬೆಳಗಿನ ಐದೂಕಾಲು. ಶೆಡ್ಡಿನ ಷಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಇಪ್ಪತ್ತೆರಡು ವರ್ಷ ಹಳೆಯ, ಉದ್ದನೆಯ ಬಿಳಿ ಕಾರೊಂದು ನಿಂತಿದೆ. ಅದರ ಕೆಳಗಿನಿಂದ ಎರಡು ಪಾದ ಹೊರಗೆ ಕಾಣುತ್ತವೆ. ಒಂದರಲ್ಲಿ ಚಪ್ಪಲಿ ಇದೆ, ಇನ್ನೊಂದರಲ್ಲಿ ಇಲ್ಲ. ನಾನು ಗಂಟಲು ಸರಿಮಾಡಿಕೊಂಡು ನಮಸ್ಕಾರ ಹೇಳುತ್ತೇನೆ. "ನಮಸ್ಕಾರ ಆಮೇಲೆ ಸಾರ್. ನಿಮ್ಮ ಬಲಗಡೆ ಡಬ್ಬಿ ಮೇಲೆ ಸೀಮೆಸುಣ್ಣ ಇದೆ, ಅದನ್ನ ಕೊಡಿ ಮೊದ್ಲು," ಎನ್ನುತ್ತದೆ ಕಾರಿನ ಕೆಳಗಿನ ದನಿ.

ಹೊರಗೆ ಬಂದವರಿಗೆ ಐವತ್ತನಾಲ್ಕು ವರ್ಷ. ನರೆತ ಕೂದಲನ್ನು ಕರಿಯ ಇನ್ಸುಲೇಷನ್ ಟೇಪಿನಲ್ಲಿ ಸುತ್ತಿ ಕಟ್ಟಿದ್ದಾರೆ. ಮುಂದಿನ ಟೈರ್ ನೆಲಕ್ಕೆ ತಾಗುವ ಕಡೆ ಟೈರಿಗೊಂದು ಗೆರೆ, ನೆಲಕ್ಕೊಂದು ಗೆರೆ ಎಳೆಯುತ್ತಾರೆ. "ತಳ್ಳಿ," ಎನ್ನುತ್ತಾರೆ. ಸಂದರ್ಶನ ಮಾಡಲು ಬಂದ ನಾನು ಕಾರು ತಳ್ಳುತ್ತೇನೆ. ಚಕ್ರ ಸರಿಯಾಗಿ ಒಂದು ಸುತ್ತು ಉರುಳಿದಾಗ ನೆಲಕ್ಕೆ ಮತ್ತೊಂದು ಗೆರೆ ಬೀಳುತ್ತದೆ. ಆಮೇಲೆ ಹಿಂದಿನ ಚಕ್ರಕ್ಕೂ ಅದೇ ಉಪಚಾರ. ಟೇಪು ಹಿಡಿದು ಅಳೆದರೆ, ಮುಂದಿನ ಚಕ್ರ ಒಂದು ಸುತ್ತಿಗೆ ಮುಕ್ಕಾಲು ಗೇಣು ಹೆಚ್ಚು ದೂರ ಹೋಗುತ್ತಿದೆ.

ಅವರು ನೆಲದ ಮೇಲೆಯೇ ಕೂತು ನಗಲು ಶುರು ಮಾಡುತ್ತಾರೆ. ಬಹಳ ವರ್ಷದಿಂದ ಕಾದು ಕೂತವರ ನಗು ಅದು. "ಸಿಕ್ಕಿಬಿದ್ದ ಸಾರ್ ನನ್ನ ತಮ್ಮ. ಇವತ್ತು ಎಲ್ಲರ ಮುಂದೆ ಮರ್ಯಾದೆ ಹೋಗುತ್ತೆ ನೋಡಿ!"

ಸದಾ ವೈರುಗಳ ನಡುವೆ ಇರುವ ಇವರನ್ನು ಎಲ್ಲರೂ ಕರೆಯುವುದು ವೈರಕ್ಕ ಎಂದು. ಹಳೆಯ ಕಾರುಗಳಿಗೆ, ಚಕ್ರ ಜಾರದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್ ಕೂರಿಸುವುದು ಇವರ ಕೆಲಸ. ಈಗಿನ ಕಾರುಗಳಲ್ಲಿ ಅದು ಕಂಪನಿಯಿಂದಲೇ ಬರುತ್ತದೆ. ಹಳೆಯದರಲ್ಲಿ ಇರುವುದಿಲ್ಲ. ಒದ್ದೆ ಏರಿನಲ್ಲಿ ಎಕ್ಸಲರೇಟರನ್ನು ಒಂದು ಕೂದಲೆಳೆ ಹೆಚ್ಚು ಒತ್ತಿದರೂ ಚಕ್ರ ನಿಂತಲ್ಲೇ ಗಿರಗಿರ ಸುತ್ತಿ, ಕಾರು ಮುಂದೆ ಹೋಗುವ ಬದಲು ಪಕ್ಕಕ್ಕೋ ಹಿಂದಕ್ಕೋ ಜಾರುತ್ತದೆ. ವೈರಕ್ಕ ನಾಲ್ಕೂ ಚಕ್ರಗಳ ಒಳಗೆ ಹಲ್ಲುಗಳಿರುವ ಬಳೆಯೊಂದನ್ನು ಕೂರಿಸಿ, ಆ ಹಲ್ಲುಗಳನ್ನು ಎಣಿಸುವ ಸೆನ್ಸರ್ ಇಟ್ಟು, ತಂತಿಗಳನ್ನೆಲ್ಲ ಸೀಟಿನ ಕೆಳಗಿನ ಪೆಟ್ಟಿಗೆಯೊಂದಕ್ಕೆ ತಂದು ಸೇರಿಸುತ್ತಾರೆ.

"ಈ ಕಾರಲ್ಲಿ ಮುಂದಿನ ಚಕ್ರ ಸುಮ್ನೆ ಉರುಳುತ್ತೆ. ಇಂಜಿನ್ ತಿರುಗಿಸೋದು ಹಿಂದಿನದನ್ನ," ಎಂದು ವಿವರಿಸುತ್ತಾರೆ. "ಹಿಂದಿನದು ಮುಂದಿನದಕ್ಕಿಂತ ಜೋರಾಗಿ ಸುತ್ತಿದ್ರೆ ಏನರ್ಥ? ಜಾರ್ತಿದೆ ಅಂತ. ಪೆಟ್ಟಿಗೆ ತಕ್ಷಣ ಇಂಜಿನ್ನಿನ ಕಿಡಿ ಒಂಚೂರು ತಡೆಯುತ್ತೆ. ಚಕ್ರ ನಿಧಾನ ಆಗಿ ನೆಲ ಕಚ್ಚುತ್ತೆ. ಕಣ್ಣು ಮಿಟುಕಿಸೋದ್ರೊಳಗೆ ಇಷ್ಟೂ ಮುಗಿದಿರುತ್ತೆ. ಡ್ರೈವರ್‌ಗೇ ಗೊತ್ತಾಗಲ್ಲ. ಇನ್ನು ಕೂತವರಿಗೆ ಎಲ್ಲಿಂದ ಗೊತ್ತಾಗಬೇಕು!"

ಕೊನೆಯ ಮಾತಿನಲ್ಲಿ ಖಾರ ಇದೆ. ಇಷ್ಟು ವರ್ಷಗಳಲ್ಲಿ ಅರವತ್ತೊಂದು ಕಾರುಗಳಿಗೆ ಇದನ್ನು ಕೂರಿಸಿದ್ದಾರೆ. ಒಂದು ಕಾರಿಗೆ ಎರಡೂವರೆ ದಿನ, ಇಪ್ಪತ್ತಾರು ಮೀಟರ್ ತಂತಿ, ನಾಲ್ಕು ಬಳೆ, ಮೊಣಕೈಗೆ ಕನಿಷ್ಠ ಎರಡು ಹೊಸ ಗೀರು. ಕೆಲಸ ಮುಗಿದ ಮೇಲೆ ಎಲ್ಲವೂ ಮ್ಯಾಟಿನ ಕೆಳಗೆ ಮುಚ್ಚಿಹೋಗುತ್ತದೆ. ಇದೇ ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಇವರ ಯಜಮಾನರು ಕಾರಿನ ಸೀಟು ಹೊಲಿಯುತ್ತಾರೆ. "ಕಾರು ತಗೊಂಡು ಹೋಗೋಕೆ ಬಂದವರು ಒಳಗೆ ಕೂತು, ಆಹಾ ಸೀಟು ಎಷ್ಟು ಚೆನ್ನಾಗಿದೆ ಅಂತಾರೆ. ಇವರು ಹಲ್ಲು ಕಿರೀತಾರೆ. ನಾನು ಎರಡು ದಿನ ಅದೇ ಸೀಟಿನ ಕೆಳಗೆ ಬಿದ್ದಿರ್ತೀನಿ ಸಾರ್!" ಯಜಮಾನರು ತಲೆ ಎತ್ತುವುದಿಲ್ಲ. ದಿನವೂ ಕೇಳಿ ಕೇಳಿ ಅವರಿಗೆ ಅಭ್ಯಾಸವಾಗಿದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಪತ್ರಿಕೆಯ ಈ ಪುಟಕ್ಕೆ ನಾನು ಈವರೆಗೆ ಇನ್ನೂರ ಹತ್ತು ಜನರ ಬಗ್ಗೆ ಬರೆದಿದ್ದೇನೆ. ಹೊಟ್ಟೆಕಿಚ್ಚು ಇದೆಯೇ ಎಂದು ಕೇಳಿದರೆ ಎಲ್ಲರೂ ಅಯ್ಯೋ ಇಲ್ಲಪ್ಪ ಎಂದು ಕೈ ಮುಗಿದವರೇ. ನಾನೂ ಹಾಗೇ ಬರೆದು ಕಳಿಸಿದೆ. ಅವರಲ್ಲಿ ಹಲವರ ಮನೆಯ ಗೋಡೆಯ ಮೇಲೆ ಆ ಪುಟ ಕಟ್ಟು ಹಾಕಿಸಿಕೊಂಡು ಕೂತಿದೆ. ಕಟ್ಟಿನ ಅಳತೆಗೆ ಹೊಂದಲೆಂದು ಮಡಚಿ ಒಳಗೆ ಹಾಕಿದ್ದು ಮಾತ್ರ ನನ್ನ ಹೆಸರಿರುವ ಸಾಲು. ನಾನು ನೋಡಿದ್ದೇನೆ, ನಕ್ಕು ಸುಮ್ಮನಾಗಿದ್ದೇನೆ. ವೈರಕ್ಕ ಹಾಗಲ್ಲ, ಉರಿಯುವ ಹೊಟ್ಟೆಯನ್ನು ಉರಿಯುತ್ತಿದೆ ಎಂದೇ ಹೇಳುತ್ತಾರೆ. ಅವರ ಆ ಧೈರ್ಯ ಕಂಡು ನನಗೂ ಹೊಟ್ಟೆ ಉರಿಯಿತು.

ಅವರ ಉರಿಗೆ ಕಾರಣ ತಮ್ಮ. ಗುಡ್ಡದ ತುದಿಯಲ್ಲೊಂದು ಆಸ್ಪತ್ರೆ ಇದೆ. ಅಲ್ಲಿಗೆ ಹೋಗುವ ಕಾಂಕ್ರೀಟ್ ರಸ್ತೆ ಗೋಡೆಯಂತೆ ಕಡಿದು. ಮೇಲಿನ ನೀರಿನ ಟ್ಯಾಂಕ್ ಸೋರಿ ಸೋರಿ ವರ್ಷವಿಡೀ ಪಾಚಿ. ಡಯಾಲಿಸಿಸ್‌ಗೆ ಹೋಗುವ ಹದಿನಾಲ್ಕು ಜನರನ್ನು ಈ ತಮ್ಮ ಇದೇ ಬಿಳಿ ಕಾರಿನಲ್ಲಿ ದಿನಕ್ಕೆ ನಾಲ್ಕು ಸರದಿಯಲ್ಲಿ ಹತ್ತಿಸುತ್ತಾರೆ. ಎರಡು ವರ್ಷದಲ್ಲಿ ಒಂದು ದಿನವೂ ಕಾರು ಹಿಂದಕ್ಕೆ ಜಾರಿಲ್ಲ. ಬೇರೆ ಡ್ರೈವರುಗಳು ಅರ್ಧಕ್ಕೆ ಕೈಚೆಲ್ಲಿ ರೋಗಿಗಳನ್ನು ನಡೆಸಿದ್ದುಂಟು. ಅದಕ್ಕೇ ಜನ ಇವರಿಗೆ 'ಏರುವೀರ' ಎಂದು ಹೆಸರಿಟ್ಟಿದ್ದಾರೆ. ಅವರ ಕಾಲಲ್ಲಿ ಏನೋ ಇದೆಯಂತೆ, ಎಕ್ಸಲರೇಟರನ್ನು ಹೂವಿನ ಹಾಗೆ ಒತ್ತುತ್ತಾರಂತೆ.

"ಹೂವಂತೆ!" ವೈರಕ್ಕ ಮೂಗು ಮುರಿಯುತ್ತಾರೆ. "ಚಪ್ಪಡಿ ಕಲ್ಲು ಇಟ್ಟ ಹಾಗೆ ಒತ್ತುತ್ತಾನೆ ಸಾರ್. ಎರಡು ವರ್ಷದ ಹಿಂದೆ ಬಂದು, ಅಕ್ಕಾ, ಯಾರಿಗೂ ಹೇಳಬೇಡ, ಆ ಪೆಟ್ಟಿಗೆ ನನ್ನ ಕಾರಿಗೂ ಹಾಕಿಬಿಡು ಅಂದ. ಒಡಹುಟ್ಟಿದವನು, ಹಾಕಿದೆ. ಹೇಳಬೇಡ ಅಂದ, ಹೇಳಲಿಲ್ಲ. ಅವನು ವೀರ ಆದ."

ಇವತ್ತು ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯವರು ಏರುವೀರನಿಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಮೊದಲು ಎಲ್ಲರೆದುರು ಖಾಲಿ ಕಾರಿನಲ್ಲಿ ಏರು ಹತ್ತಿ ತೋರಿಸಬೇಕು, ಆಮೇಲೆ ಪದಕ. ಆ ಸಂಭ್ರಮಕ್ಕೆಂದು ತಮ್ಮ ನಿನ್ನೆ ಸಂಜೆ ಎರಡು ಹೊಸ ಟೈರ್ ಹಾಕಿಸಿದ್ದಾರೆ. ಒಂದು ಸೈಜ್ ದೊಡ್ಡವು, ದಪ್ಪ ಅಂಚಿನವು. ಮೇಲೆ ನಿಂತು ನೋಡುವವರ ಕಣ್ಣಿಗೆ ಬೀಳುವುದು ಕಾರಿನ ಮುಂಭಾಗ ತಾನೇ? ಹಾಗಾಗಿ ಎರಡನ್ನೂ ಮುಂದಕ್ಕೇ ಹಾಕಿಸಿದ್ದಾರೆ. ಹಿಂದೆ ಅವೇ ಸವೆದ ಹಳೆಯವು.

ದೊಡ್ಡ ಚಕ್ರ ನಿಧಾನ ಸುತ್ತುತ್ತದೆ, ಚಿಕ್ಕದು ಬೇಗ ಸುತ್ತುತ್ತದೆ. ಪೆಟ್ಟಿಗೆಗೆ ಟೈರಿನ ಶೋಕಿ ತಿಳಿಯದು, ಅದಕ್ಕೆ ಗೊತ್ತಿರುವುದು ಎಣಿಕೆ ಒಂದೇ. ಹಿಂದಿನ ಚಕ್ರ ಸದಾ ಜಾರುತ್ತಿದೆ ಎಂದುಕೊಂಡು ಅದು ಕಿಡಿಯನ್ನು ತಡೆಯುತ್ತಲೇ ಹೋಗುತ್ತದೆ. ನಿನ್ನೆ ಅಂಗಡಿಯಿಂದ ಬರುವಾಗಲೇ ಕಾರು ಕೆಮ್ಮಿತ್ತಂತೆ. ಪೆಟ್ರೋಲ್ ಸರಿಯಿಲ್ಲ ಎಂದುಕೊಂಡು ಏರುವೀರ ಕಾರನ್ನು ಇಲ್ಲಿ ನಿಲ್ಲಿಸಿ ನಿದ್ದೆಗೆ ಹೋದರು. ಅಕ್ಕನಿಗೆ ಆ ಕೆಮ್ಮಿನ ಅರ್ಥ ಗೇಟಿನಲ್ಲೇ ಗೊತ್ತಾಗಿತ್ತು. "ಚಪ್ಪಟೆ ರಸ್ತೆಯಲ್ಲಿ ಹೇಗೋ ಬಂತು. ಏರಲ್ಲಿ ಅರ್ಧಕ್ಕೆ ಗೊರ ಗೊರ ಅಂತ ನಿಂತೇಬಿಡುತ್ತೆ. ಬ್ರೇಕ್ ಇದೆ, ಪ್ರಾಣಕ್ಕೇನೂ ಆಗಲ್ಲ. ಮುಖಕ್ಕೆ ಮಾತ್ರ ಚೆನ್ನಾಗಿ ಮಂಗಳಾರತಿ."

ಸರಿಪಡಿಸಲು ಎಷ್ಟು ಹೊತ್ತು ಬೇಕು ಎಂದು ಕೇಳುತ್ತೇನೆ. ಲ್ಯಾಪ್‌ಟಾಪ್ ಜೋಡಿಸಿ ಪೆಟ್ಟಿಗೆಗೆ ಟೈರುಗಳ ಹೊಸ ಅಳತೆ ತಿಳಿಸಿದರಾಯಿತು, ಹತ್ತು ನಿಮಿಷ. ಸುಮ್ಮನಿದ್ದರೆ? ಅದಕ್ಕೆ ಏನೂ ಬೇಡ. ಅವರು ಲ್ಯಾಪ್‌ಟಾಪ್ ತೆಗೆಯುವುದಿಲ್ಲ. ಚಹಾ ತರಿಸುತ್ತಾರೆ.

ಚಹಾ ಕುಡಿಯುತ್ತ ಹಳೆಯ ಕಥೆ ಬರುತ್ತದೆ. ತಂದೆ ಬಾಡಿಗೆ ಕಾರು ಓಡಿಸುತ್ತಿದ್ದವರು. ತಮ್ಮನಿಗೆ ಹನ್ನೆರಡನೇ ವಯಸ್ಸಿಗೇ ತೊಡೆಯ ಮೇಲೆ ಕೂರಿಸಿಕೊಂಡು ಸ್ಟೀರಿಂಗ್ ಕೊಟ್ಟರು. ಅಕ್ಕನಿಗೆ ಸಿಕ್ಕಿದ್ದು ಟಾರ್ಚು. ಕಾರು ಕೆಟ್ಟಾಗ ಅಪ್ಪ ಬಾನೆಟ್ಟಿನೊಳಗೆ ಬಗ್ಗಿದರೆ ಟಾರ್ಚ್ ಹಿಡಿದು ನಿಲ್ಲುವುದು ಇವರ ಕೆಲಸ. "ಕೈ ನಡುಗಿದ್ರೆ ಬೈತಿದ್ರು. ಎಲ್ಲಿ ಕೈ ಹಾಕ್ತಾರೆ ಅಂತ ಮೊದಲೇ ಊಹೆ ಮಾಡಿ ಬೆಳಕು ಬಿಡಬೇಕು. ಹಾಗೆ ಮಾಡ್ತಾ ಮಾಡ್ತಾ ಯಾವ ತಂತಿ ಎಲ್ಲಿಗೆ ಹೋಗುತ್ತೆ ಅನ್ನೋದು ಬಾಯಿಪಾಠ ಆಯ್ತು. ಅಪ್ಪ ಮಾತ್ರ ಕೊನೇವರೆಗೂ, ಮಗ ಎಂಥಾ ಡ್ರೈವರ್ ಅಂತ ಹೇಳಿಕೊಂಡೇ ಓಡಾಡಿದ್ರು." ಲೋಟ ಕೆಳಗಿಡುತ್ತಾರೆ. "ಸ್ಟೀರಿಂಗ್ ಒಂದು ಸಲನಾದ್ರೂ ಕೊಡಬಹುದಿತ್ತು."

ಅವರಿಗೆ ಲೈಸೆನ್ಸ್ ಇದೆ. ನಲವತ್ತೊಂದನೇ ವಯಸ್ಸಿನಲ್ಲಿ, ಯಾರಿಗೂ ಹೇಳದೆ, ತಾವೇ ಹೋಗಿ ಮಾಡಿಸಿದ್ದು. ಸೊಂಟ ನೋವಿದೆ, ಬೆಸುಗೆಯ ಹೊಗೆಗೆ ಎಡಗಣ್ಣು ನೀರಾಡುತ್ತದೆ. ಮೊದಲ ಆರು ಕಾರುಗಳಲ್ಲಿ ಪೆಟ್ಟಿಗೆಗೆ ನೀರು ಹೊಕ್ಕು ಆರೂ ವಾಪಸ್ ಬಂದವಂತೆ. ಆರನ್ನೂ ಬಿಚ್ಚಿ ಮತ್ತೆ ಕಟ್ಟಿಕೊಟ್ಟಿದ್ದಾರೆ.

ಒಂಬತ್ತು ಗಂಟೆಗೆ ಏರುವೀರ ಬರುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ನಗುಮುಖದ, ಎಲ್ಲರಿಗೂ ಬೇಕಾದ ಮನುಷ್ಯ. ಇಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಇನ್ನೂ ಕಷ್ಟ. "ಅಕ್ಕಾ, ಟೈರ್ ಹೆಂಗಿದೆ?" ಎನ್ನುತ್ತಾರೆ. ಅಕ್ಕ ನನ್ನ ಮುಖ ನೋಡುತ್ತಾರೆ. ನಾನು ನೆಲದ ಗೆರೆ ನೋಡುತ್ತೇನೆ.

"ಚೆನ್ನಾಗಿದೆ ಕಣೋ. ಹೋಗಿ ಅಲ್ಲಿ ಕೂತ್ಕೋ ಹತ್ತು ನಿಮಿಷ," ಎಂದವರೇ ಲ್ಯಾಪ್‌ಟಾಪ್ ತೆಗೆಯುತ್ತಾರೆ. ಎರಡು ಅಂಕಿ ಒತ್ತುತ್ತಾರೆ, ಮ್ಯಾಟ್ ಮುಚ್ಚುತ್ತಾರೆ. ಏರುವೀರ ಫೋನಿನಲ್ಲಿ ಮುಳುಗಿದ್ದಾರೆ, ಏನಾಯಿತೆಂದು ಕೇಳುವುದೂ ಇಲ್ಲ.

ಕಾರು ಹೊರಟ ಮೇಲೆ, ಕರುಳು ಕೇಳಲಿಲ್ಲ ಅಲ್ಲವೇ ಎಂದು ನಾನು ಬರೆಯಲು ಅನುಕೂಲವಾಗುವ ಪ್ರಶ್ನೆ ಕೇಳುತ್ತೇನೆ. "ಕರುಳೂ ಇಲ್ಲ ಮಣ್ಣೂ ಇಲ್ಲ," ವೈರಕ್ಕ ರೇಗುತ್ತಾರೆ. "ಯೋಚನೆ ಮಾಡಿ ಸಾರ್. ಕಾರು ಹತ್ತಿದ್ರೆ ಜನ ಏನಂತಾರೆ? ಅವನ ಕಾಲು ಬಂಗಾರ ಅಂತಾರೆ. ನಿಂತ್ರೆ? ಅವನ ಕಾಲು ಸರಿಯಿಲ್ಲ ಅಂತ ಯಾರೂ ಅನ್ನಲ್ಲ. ಗಾಡಿ ಕೈಕೊಡ್ತು ಅಂತಾರೆ. ಗಾಡಿ ಅಂದ್ರೆ ಯಾರು? ನಾನು. ಅವನು ಸೋತ್ರೂ ಸೋಲೋದು ನನ್ನ ಕೆಲಸಾನೇ. ಹೊಟ್ಟೆ ಉರಿ ತೀರಿಸಿಕೊಳ್ಳೋಕೂ ದಾರಿ ಇಲ್ಲ ನನಗೆ!"

ಆಸ್ಪತ್ರೆಯ ಅಂಗಳದಲ್ಲಿ ಸುಮಾರು ಎಂಬತ್ತು ಜನ. ನರ್ಸುಗಳು, ರೋಗಿಗಳು, ಅವರ ಮನೆಯವರು. ನಾನು, ವೈರಕ್ಕ ನೀರಿನ ಟ್ಯಾಂಕಿನ ಪಕ್ಕ ನಿಲ್ಲುತ್ತೇವೆ. ಕೆಳಗಿನಿಂದ ಬಿಳಿ ಕಾರು ಏರತೊಡಗುತ್ತದೆ. ಪಾಚಿಯ ಜಾಗಕ್ಕೆ ಬಂದಾಗ ಇಂಜಿನ್ ಸದ್ದು ಎರಡು ಸಲ ಚೂರು ತಗ್ಗಿ ಮತ್ತೆ ಏಳುತ್ತದೆ. "ಅದು ನಾನು," ಎಂದು ವೈರಕ್ಕ ನನ್ನ ಕಿವಿಯಲ್ಲಿ ಹೇಳುತ್ತಾರೆ. "ಅದೂ ನಾನು." ಕಾರು ಅಲುಗಾಡದೆ ಮೇಲೆ ಬಂದು ನಿಲ್ಲುತ್ತದೆ. ಕೂಗು, ಸಿಳ್ಳೆ, ಚಪ್ಪಾಳೆ. ವಾರಕ್ಕೆ ಮೂರು ದಿನ ಈ ಕಾರಿನಲ್ಲಿ ಬರುವ ಅಜ್ಜಿಯೊಬ್ಬರು ಏರುವೀರನ ಬಲಗಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ವೈರಕ್ಕನ ಹಲ್ಲು ಕಟಕಟಿಸುವುದು ನನಗೆ ಕೇಳುತ್ತದೆ.

ಪದಕ ಕೊರಳಿಗೆ ಬಿದ್ದ ಮೇಲೆ ಏರುವೀರನ ಕೈಗೆ ಮೈಕ್ ಬರುತ್ತದೆ. ಅಜ್ಜಿ ಕಾಲು ಮುಟ್ಟಿದ್ದು ಅವರನ್ನು ಕಲಕಿದಂತಿದೆ. "ನನ್ನ ಕಾಲಲ್ಲಿ ಏನೂ ಇಲ್ಲ," ಎನ್ನುತ್ತಾರೆ. "ಎಲ್ಲಾ ನಮ್ಮಕ್ಕನ ಕೆಲಸ. ಅವಳು ಕಾರಿನ ಸೀಟಿನ ಕೆಳಗೆ ಒಂದು ಪೆಟ್ಟಿಗೆ ಇಟ್ಟಿದ್ದಾಳೆ. ಹತ್ತಿಸೋದು ಅದು, ನಾನಲ್ಲ. ಎರಡು ವರ್ಷದಿಂದ ಹೇಳಲಿಲ್ಲ. ಇವತ್ತು ಹೇಳ್ತಿದೀನಿ."

ನನ್ನ ಪಕ್ಕದಲ್ಲಿ ವೈರಕ್ಕ ಉಸಿರು ಬಿಗಿಹಿಡಿಯುತ್ತಾರೆ. ಅಂಗಳದಲ್ಲಿ ಎದ್ದ ಚಪ್ಪಾಳೆ ಮೊದಲಿನದಕ್ಕಿಂತ ಜೋರು. "ಎಷ್ಟು ವಿನಯ ನೋಡಿ!" ಎನ್ನುತ್ತಾರೆ ನರ್ಸಮ್ಮ. "ಇಷ್ಟು ಸಾಧನೆ ಮಾಡಿಯೂ ಅಕ್ಕನಿಗೆ ಬಿಟ್ಟುಕೊಡ್ತಾರೆ, ದೊಡ್ಡ ಮನಸ್ಸು," ಎನ್ನುತ್ತಾರೆ ಇನ್ನೊಬ್ಬರು. ಅಜ್ಜಿ ಮತ್ತೊಮ್ಮೆ ಕಾಲಿನತ್ತ ಬಗ್ಗುತ್ತಾರೆ. ಏರುವೀರ ದಿಕ್ಕು ತೋಚದೆ, ಹೌದು ನಿಜವಾಗಿಯೂ, ಪೆಟ್ಟಿಗೆ ಇದೆ ಎನ್ನುತ್ತಲೇ ಇದ್ದಾರೆ. ಜನ ಅವರನ್ನು ಹೆಗಲ ಮೇಲೆ ಎತ್ತಿಕೊಳ್ಳುತ್ತಾರೆ.

"ಕೇಳಿಸಿಕೊಂಡ್ರಾ?" ವೈರಕ್ಕ ನನ್ನ ಕಡೆ ತಿರುಗುತ್ತಾರೆ. ಎಡಗಣ್ಣು ನೀರಾಡುತ್ತಿದೆ, ಈ ಸಲ ಬಲಗಣ್ಣೂ. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯುವುದಿಲ್ಲ. "ಬಾಯಿಬಿಟ್ಟು ನಿಜ ಹೇಳಿದ. ಅದಕ್ಕೂ ಅವನಿಗೇ ಚಪ್ಪಾಳೆ."

ನಿಮಗೊಂದು ಆಸೆ ಇದ್ದರೆ ಹೇಳಿ, ಬರೆಯುತ್ತೇನೆ ಎನ್ನುತ್ತೇನೆ. ವೈರಕ್ಕ ಗಲಾಟೆಯತ್ತ ನೋಡುತ್ತಾರೆ. ಅಷ್ಟರಲ್ಲಿ ನಮ್ಮ ಪತ್ರಿಕೆಯ ಫೋಟೋ ತೆಗೆಯುವವರು ಕ್ಯಾಮೆರಾ ಎತ್ತಿಕೊಂಡು ಬರುತ್ತಾರೆ. ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಕಾರಿನ ಮುಂದೆ ನಿಂತರೆ ಚೆನ್ನ, ತಮ್ಮನನ್ನು ಕರೆಯಲೇ ಎಂದು ಕೇಳುತ್ತಾರೆ.

"ಬೇಡ," ಎನ್ನುತ್ತಾರೆ ವೈರಕ್ಕ, ಕೂದಲಿನ ಟೇಪು ಬಿಗಿಮಾಡಿಕೊಂಡು. "ಆಸೆ ಕೇಳಿದ್ರಲ್ಲ ಸಾರ್, ಇದೇ. ಇದೊಂದು ಫೋಟೋದಲ್ಲಿ ಅವನು ಬೇಡ."